ಈ ಹುಳು ಚಿಟ್ಟೆಯಾಗುತ್ತಾ, ಪತಂಗವಾಗುತ್ತಾ? ನಮ್ಮ ಹೊಲ, ಹಿತ್ತಲಲ್ಲಿ ಗುರುತಿಸುವ ಬಗೆ

ಕರಿಬೇವಿನ ಗಿಡದಲ್ಲಿ ದಪ್ಪನೆಯ ಹಸಿರು ಹುಳು. ನುಗ್ಗೆ ಮರದ ಕಾಂಡಕ್ಕೆ ಅಂಟಿದ ಕಂಬಳಿಹುಳುಗಳ ಗುಂಪು. ಮೆಕ್ಕೆಜೋಳದ ಸುಳಿಯೊಳಗೆ ಲದ್ದಿ ಹುಳು. ಮುಂಗಾರು ಹಿಡಿದು ಸ್ವಲ್ಪ ದಿನ ಆಗುತ್ತಿದ್ದಂತೆ ದಾವಣಗೆರೆ, ಚಿತ್ರದುರ್ಗದ ಕಡೆ ಎಲ್ಲಿ ನೋಡಿದರೂ ಎಲೆ ತಿನ್ನುವ ಹುಳುಗಳು. ಆಮೇಲೆ ಮನೆಯಲ್ಲಿ ಮಕ್ಕಳು ಕೇಳುವುದು ಒಂದೇ ಪ್ರಶ್ನೆ: ಇದು ಚಿಟ್ಟೆ ಆಗುತ್ತಾ?

ಇದಕ್ಕೆ ಒಂದೇ ಸಾಲಿನ ಉತ್ತರ ಇಲ್ಲ. ಇಂಥ ಬಣ್ಣ ಇದ್ದರೆ ಚಿಟ್ಟೆ, ಇಂಥ ಕೂದಲಿದ್ದರೆ ಪತಂಗ ಅಂತ ಎಲ್ಲದಕ್ಕೂ ಹೊಂದುವ ಗುರುತು ಪ್ರಕೃತಿಯಲ್ಲಿ ಇಲ್ಲವೇ ಇಲ್ಲ. ಚಿಟ್ಟೆ, ಪತಂಗ ಎರಡೂ ಒಂದೇ ಬಳಗ. ಈ ಬಳಗದಲ್ಲಿ ಜಗತ್ತಿನಾದ್ಯಂತ 1,60,000ಕ್ಕೂ ಹೆಚ್ಚು ಜಾತಿಗಳನ್ನು ಗುರುತಿಸಿದ್ದಾರೆ, ಅದರಲ್ಲಿ ಚಿಟ್ಟೆಗಳು ಸುಮಾರು 18,000 ಮಾತ್ರ. ಉಳಿದದ್ದೆಲ್ಲ ಪತಂಗ. ಆದರೂ ನಮ್ಮ ಕಡೆಯ ಹುಳುಗಳನ್ನು ಗುರುತಿಸುವುದು ಕಷ್ಟವಲ್ಲ, ಯಾಕೆಂದರೆ ಹೆಚ್ಚಿನ ಹುಳುಗಳು ಸಿಕ್ಕಿದ ಎಲೆಯನ್ನೆಲ್ಲ ತಿನ್ನುವುದಿಲ್ಲ. ಅವಕ್ಕೆ ಅವುಗಳದೇ ಗಿಡ ಬೇಕು. ಹಾಗಾಗಿ ಹುಳು ನೋಡುವ ಮೊದಲು ಗಿಡ ನೋಡಿ. ಈ ಬರಹದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಅದನ್ನೇ ಇಟ್ಟುಕೊಳ್ಳಿ.

ಹೆಜ್ಜೆ 1: ಮೊದಲು ಕಾಲು ಎಣಿಸಿ

ಎಲ್ಲ ಹುಳುವೂ ಈ ಬಳಗದ್ದಲ್ಲ. ಗೊಬ್ಬರದ ಗುಂಡಿಯಲ್ಲಿ ಸುರುಳಿ ಸುತ್ತಿಕೊಂಡು ಬಿದ್ದಿರುವ ಬಿಳಿ ಗೊಣ್ಣೆಹುಳು ದುಂಬಿಯ ಮರಿ. ಅದರ ಹೊಟ್ಟೆಯ ಕೆಳಗೆ ಕಾಲೇ ಇರುವುದಿಲ್ಲ.

ಚಿಟ್ಟೆ, ಪತಂಗದ ಹುಳುವಿಗೆ ತಲೆಯ ಹಿಂದೆ ಮೂರು ಜೋಡಿ ನಿಜವಾದ ಕಾಲು ಇರುತ್ತವೆ, ಚೂಪಾಗಿ, ಗಂಟು ಗಂಟಾಗಿ. ಅದರ ಹಿಂದೆ ಸ್ವಲ್ಪ ಜಾಗ ಖಾಲಿ. ಆಮೇಲೆ ಹೊಟ್ಟೆಯ ಕೆಳಗೆ ಮೆತ್ತಗಿನ ದಪ್ಪ ಕಾಲುಗಳು, ಸಾಮಾನ್ಯವಾಗಿ ನಾಲ್ಕು ಜೋಡಿ ಮಧ್ಯದಲ್ಲಿ, ಒಂದು ಜೋಡಿ ಬಾಲದ ತುದಿಯಲ್ಲಿ. ಒಟ್ಟು ಐದು ಜೋಡಿ. ಐದಕ್ಕಿಂತ ಜಾಸ್ತಿ ಕಂಡರೆ ಅದು ಚಿಟ್ಟೆಯೂ ಅಲ್ಲ, ಪತಂಗವೂ ಅಲ್ಲ, ಗರಗಸದ ನೊಣ ಅಂತ ಕರೆಯುವ ಕಣಜದ ಬಳಗದ್ದು. ಮೂಲಂಗಿ, ಸಾಸಿವೆ ಎಲೆ ತಿನ್ನುವ ಕಪ್ಪು ಹಸಿರಿನ ಹುಳು ಇದಕ್ಕೆ ಒಳ್ಳೆ ಉದಾಹರಣೆ. ಮುಟ್ಟಿದರೆ ಸುರುಳಿ ಸುತ್ತಿ ಕೆಳಗೆ ಬೀಳುತ್ತದೆ.

ಐದಕ್ಕಿಂತ ಕಡಿಮೆ ಇದ್ದರೆ? ನಡೆಯುವುದನ್ನು ನೋಡಿ. ಮಧ್ಯದ ಕಾಲುಗಳಿಲ್ಲದ ಹುಳು ಬೆನ್ನನ್ನು ಕಮಾನಿನಂತೆ ಎತ್ತಿ, ಹಿಂದಿನ ತುದಿಯನ್ನು ಮುಂದಕ್ಕೆ ತಂದು, ಗೇಣು ಹಾಕಿದ ಹಾಗೆ ಅಳೆಯುತ್ತಾ ಹೋಗುತ್ತದೆ. ಹೀಗೆ ನಡೆದರೆ ಬೇರೇನೂ ನೋಡಬೇಕಿಲ್ಲ, ಪತಂಗ. ಅರ್ಧಂಬರ್ಧ ಕಮಾನು ಮಾಡಿ ನಡೆಯುವುದೂ ಪತಂಗವೇ.

ಹೆಜ್ಜೆ 2: ಗಿಡದ ಹೆಸರು ಬರೆದುಕೊಳ್ಳಿ

ನಮ್ಮ ಕಡೆ ಸುಲಭವಾಗಿ ಸಿಗುವ ಗಿಡಗಳಿಂದ ಶುರು ಮಾಡೋಣ.

ಎಕ್ಕ. ರಸ್ತೆ ಬದಿ, ಬದು, ಪಾಳುಬಿದ್ದ ಜಾಗ, ಎಲ್ಲಿ ಬೇಕಾದರೂ ಇದೆ. ಇದರ ಎಲೆಯ ಮೇಲೆ ಕಪ್ಪು, ಬಿಳಿ ಪಟ್ಟೆ, ಹಳದಿ ಚುಕ್ಕೆಯ ನುಣುಪಾದ ಹುಳು ಕಂಡರೆ ಅದು ಪ್ಲೇನ್ ಟೈಗರ್ ಚಿಟ್ಟೆಯದು. ಹತ್ತಿರ ಹೋಗಿ ನೋಡಿ: ಬೆನ್ನ ಮೇಲೆ ಮೂರು ಜೋಡಿ ಕಪ್ಪು ಎಳೆಗಳಿರುತ್ತವೆ, ತಲೆಯ ಹತ್ತಿರ ಒಂದು, ಮಧ್ಯದಲ್ಲಿ ಒಂದು, ಬಾಲದ ಹತ್ತಿರ ಒಂದು. ಹುಳು ನಡೆದಾಗ ಮುಂದಿನ ಜೋಡಿ ಆಡುತ್ತಿರುತ್ತದೆ. ಎಕ್ಕದ ಹಾಲಿನ ವಿಷವನ್ನು ಇದು ಮೈಯಲ್ಲೇ ಇಟ್ಟುಕೊಳ್ಳುತ್ತದೆ. ಅದಕ್ಕೇ ಎಲೆಯ ಮೇಲೆ ಹಾಡುಹಗಲೇ ಧೈರ್ಯವಾಗಿ ಕೂರುತ್ತದೆ, ಹಕ್ಕಿಗಳು ತಂಟೆಗೆ ಬರುವುದು ಕಡಿಮೆ.

ಕಣಗಿಲೆ. ಇದು ನನಗೆ ತುಂಬಾ ಇಷ್ಟದ ಪಾಠ, ಯಾಕೆಂದರೆ ಒಂದೇ ಗಿಡದಲ್ಲಿ ಎರಡೂ ಸಿಗುತ್ತವೆ. ಕಂದು ಕಿತ್ತಳೆ ಮೈ, ಬಿಳಿ ಕಪ್ಪು ಗೆರೆ, ನಾಲ್ಕು ಜೋಡಿ ಉದ್ದದ ಎಳೆ ಇದ್ದರೆ ಕಾಮನ್ ಕ್ರೋ ಚಿಟ್ಟೆ. ಅದೇ ಗಿಡದಲ್ಲಿ ಬೆರಳು ಗಾತ್ರದ ಹಸಿರು ಹುಳು, ಬಾಲದ ತುದಿಯಲ್ಲಿ ಒಂದು ಚಿಕ್ಕ ಹಳದಿ ಕೊಂಬು, ತಲೆಯ ಹಿಂದೆ ನೀಲಿ ಬಿಳಿಯ ಎರಡು ದೊಡ್ಡ ಕಣ್ಣಿನ ಗುರುತು ಇದ್ದರೆ ಅದು ಕಣಗಿಲೆಯ ಹಾಕ್ ಪತಂಗ. ಆ ಕಣ್ಣು ನಿಜವಾದ ಕಣ್ಣಲ್ಲ. ಹೆದರಿಸಿದಾಗ ಹುಳು ತಲೆಯನ್ನು ಒಳಗೆ ಎಳೆದುಕೊಂಡು ಆ ಭಾಗ ಉಬ್ಬಿಸುತ್ತದೆ, ಆಗ ಆ ಗುರುತು ಎದ್ದು ಕಾಣುತ್ತದೆ. ನಂದಿಬಟ್ಟಲಿನಲ್ಲೂ ಇದೇ ಹುಳು ಬರುತ್ತದೆ.

ಕರಿಬೇವು, ನಿಂಬೆ. ಎಲೆಯ ಮೇಲೆ ಹಕ್ಕಿ ಹಿಕ್ಕೆ ಹಾಕಿದ ಹಾಗೆ ಕಂದು ಬಿಳಿಯ ಮುದ್ದೆ ಕಂಡರೆ ಒರೆಸಿ ಬಿಸಾಕಬೇಡಿ. ಅದು ನಿಂಬೆ ಚಿಟ್ಟೆ ಅಥವಾ ಕಾಮನ್ ಮಾರ್ಮನ್ ಚಿಟ್ಟೆಯ ಸಣ್ಣ ಹುಳು. ಕೊನೆಯ ಪೊರೆ ಕಳಚಿದ ಮೇಲೆ ಅದೇ ಹುಳು ಪೂರ್ತಿ ಹಸಿರಾಗುತ್ತದೆ. ಇದನ್ನು ಖಚಿತ ಮಾಡಿಕೊಳ್ಳುವುದು ಸುಲಭ. ಒಂದು ಕಡ್ಡಿಯಿಂದ ಬೆನ್ನನ್ನು ಮೆತ್ತಗೆ ಸವರಿ. ತಲೆಯ ಹಿಂದಿನಿಂದ ಕವಲೊಡೆದ ಕಿತ್ತಳೆ ಅಥವಾ ಕೆಂಪು ಕೋಡು ಹೊರಗೆ ಬರುತ್ತದೆ, ಜೊತೆಗೆ ಕಟು ವಾಸನೆ. ಹೀಗೆ ಕೋಡು ಹೊರಹಾಕುವುದು ಬಾಲದ ಚಿಟ್ಟೆಗಳ ಕುಟುಂಬ ಮಾತ್ರ, ಪತಂಗದಲ್ಲಿ ಇಲ್ಲ. ಒಂದು ಸಲ ನೋಡಿದರೆ ಸಾಕು, ಪದೇ ಪದೇ ಕೆಣಕಬೇಡಿ.

ಔಡಲ, ಅಂದರೆ ಹರಳು. ಹಸಿರು ಮೈ, ಬೆನ್ನ ಮೇಲೆ ಕವಲು ಕವಲಾದ ಮುಳ್ಳು ಇದ್ದರೆ ಕಾಮನ್ ಕ್ಯಾಸ್ಟರ್ ಚಿಟ್ಟೆ. ಮುಳ್ಳಿಲ್ಲದೆ ನುಣ್ಣಗೆ, ಕಂದು ಅಥವಾ ಬೂದು ಬಣ್ಣ, ಅರ್ಧ ಕಮಾನು ಮಾಡಿ ನಡೆಯುವುದು ಔಡಲದ ಕೊಂಡಲಿ ಹುಳು, ಪತಂಗ. ಬೆಳೆಗಾರರಿಗೆ ನಷ್ಟ ಮಾಡುವುದು ಮುಖ್ಯವಾಗಿ ಎರಡನೆಯದು.

ಈಶ್ವರಿ ಬಳ್ಳಿ ಸಿಕ್ಕರೆ ನಿಮ್ಮ ಅದೃಷ್ಟ. ಕಡುಗೆಂಪು ಮೈ ತುಂಬ ಕೆಂಪು ಮಾಂಸದ ಗುಬುಟುಗಳಿರುವ ಹುಳು ರೋಸ್ ಚಿಟ್ಟೆಗಳದು. ಚಿತ್ರದುರ್ಗದ ಹತ್ತಿರದ ಜೋಗಿಮಟ್ಟಿ ಕಾಡಿನ ಕಡೆಗೆ ಹೋದಾಗ ಹಾದಿ ಬದಿಯ ಬಳ್ಳಿಗಳನ್ನು ಸುಮ್ನೆ ತಿರುಗಿಸಿ ನೋಡಿ. ಕಕ್ಕೆ, ತಂಗಡಿ ಜಾತಿಯ ಗಿಡಗಳಲ್ಲಿ ಎಲೆಯ ನಡುನರದ ಮೇಲೆ ಉದ್ದಕ್ಕೆ ಮಲಗಿರುವ ತೆಳ್ಳನೆಯ ಹಸಿರು ಹುಳು ಎಮಿಗ್ರಂಟ್ ಚಿಟ್ಟೆಗಳದು.

ಬೋರೆ ಗಿಡ, ಕೆಲವರು ಎಲಚಿ ಅಂತಾರೆ. ಇಲ್ಲಿ ಹುಳು ಹುಡುಕಬೇಡಿ, ಇರುವೆ ಹುಡುಕಿ. ಒಂದು ಎಲೆಯ ಮೇಲೆ ಇರುವೆಗಳು ಏನನ್ನೋ ಸುತ್ತುವರಿದು ಮೀಸೆ ಆಡಿಸುತ್ತಿದ್ದರೆ ಅಲ್ಲಿ ಚಪ್ಪಟೆಯಾದ, ತಲೆ ಕಾಣದ ಪುಟ್ಟ ಹಸಿರು ಹುಳು ಇರುವ ಸಾಧ್ಯತೆ ಜಾಸ್ತಿ. ನೀಲಿ ಚಿಟ್ಟೆಗಳ ಕುಟುಂಬದ ಬಹಳಷ್ಟು ಹುಳುಗಳು ಬೆನ್ನಿನಿಂದ ಸಿಹಿ ರಸ ಒಸರುತ್ತವೆ, ಇರುವೆಗಳು ಅದನ್ನು ಕುಡಿಯುತ್ತಾ ಹುಳುವನ್ನು ಕಾಯುತ್ತವೆ.

ಹೆಜ್ಜೆ 3: ಕೂದಲೋ, ಮುಳ್ಳೋ, ನುಣುಪೋ

ಗಿಡ ಗೊತ್ತಾಗಲಿಲ್ಲ ಅಂದರೆ ಮೈ ನೋಡಿ.

ಮೈತುಂಬ ಮೆತ್ತಗಿನ ಉದ್ದ ಕೂದಲು, ಕಂಬಳಿ ಹೊದ್ದ ಹಾಗೆ ಇದ್ದರೆ ನಮ್ಮ ಕಡೆ ಕಣ್ಣು ಮುಚ್ಚಿ ಪತಂಗ ಅನ್ನಬಹುದು. ನುಗ್ಗೆ ಮರದಲ್ಲಿ ಗುಂಪಾಗಿ ಕೂರುವುದು ಪತಂಗ. ಚಳ್ಳಕೆರೆ ಕಡೆ ಶೇಂಗಾ ಹೊಲದಲ್ಲಿ ಸಾಲು ಬಿಟ್ಟು ಸಾಲಿಗೆ ಹರಿಯುವ ಕೆಂಪು ಕಂಬಳಿಹುಳು ಪತಂಗ. ಈ ಕೆಂಪು ಹುಳುವಿನ ಬಾಳು ವಿಚಿತ್ರ. ಬೆಳೆದ ಹುಳು ಮಣ್ಣೊಳಗೆ ಇಳಿದು ಕೋಶವಾಗಿ, ಅಂದರೆ ರೆಕ್ಕೆ ಬರುವ ಮುಂಚಿನ ತಿನ್ನದ, ಓಡಾಡದ ಹಂತಕ್ಕೆ ಹೋಗಿ, ಮುಂದಿನ ಮುಂಗಾರಿನವರೆಗೂ ಅಲ್ಲೇ ಇರುತ್ತದೆ. ಮೊದಲ ಒಳ್ಳೆ ಮಳೆ ಬಿದ್ದ ಮೇಲೆ ಪತಂಗಗಳೆಲ್ಲ ಹೆಚ್ಚುಕಮ್ಮಿ ಒಟ್ಟಿಗೆ ಮೇಲೆದ್ದು ಬೆಳಕಿಗೆ ಬರುತ್ತವೆ. ಆ ಹೊತ್ತಿಗೆ ಹೊಲದಲ್ಲಿ ದೀಪದ ಬಲೆ ಇಡಿ ಅಂತ ಕೃಷಿ ಇಲಾಖೆಯವರು ಹೇಳುವುದು ಇದಕ್ಕೇ.

ಗಟ್ಟಿಯಾದ, ಕವಲೊಡೆದ ಮುಳ್ಳು, ಸಾಲಾಗಿ ಜೋಡಿಸಿದ ಹಾಗೆ ಇದ್ದರೆ ಬಹುಪಾಲು ಚಿಟ್ಟೆ. ನೋಡಲು ಭಯಂಕರ, ಆದರೆ ನಮ್ಮ ಹಿತ್ತಲಲ್ಲಿ ಕಾಣುವ ಇಂಥವು ಸಾಮಾನ್ಯವಾಗಿ ಏನೂ ಮಾಡುವುದಿಲ್ಲ. ಇಲ್ಲೊಂದು ಎಚ್ಚರಿಕೆ ಇದೆ, ಮಾವಿನ ಗಿಡ ಇರುವವರು ಗಮನಿಸಿ. ಮಾವಿನ ಎಲೆಯ ಮೇಲೆ ಎರಡು ಬಗೆಯ ಮುಳ್ಳಿನ ಹಸಿರು ಹುಳು ಸಿಗುತ್ತವೆ. ಒಂದು ಬ್ಯಾರನ್ ಚಿಟ್ಟೆಯದು. ಅದರ ಮುಳ್ಳು ಎರಡೂ ಪಕ್ಕಕ್ಕೆ ಗರಿಯಂತೆ ಹರಡಿ ಎಲೆಗೆ ಅಂಟಿಕೊಂಡಿರುತ್ತವೆ, ಬೆನ್ನ ಮೇಲೆ ಒಂದು ತಿಳಿ ಗೆರೆ. ಹುಳು ಸರಿಯಾಗಿ ಎಲೆಯ ನಡುನರದ ಮೇಲೆ ಮಲಗುವುದರಿಂದ ಆ ಗೆರೆ ನರದ ಮೇಲೆ ಕೂತು, ಕಣ್ಣೆದುರಿಗೆ ಇದ್ದರೂ ಹುಳು ಕಾಣುವುದಿಲ್ಲ. ಇದನ್ನು ಮುಟ್ಟಿದರೂ ತೊಂದರೆ ಇಲ್ಲ. ಇನ್ನೊಂದು ಗುಜ್ಜಾರಿ, ದಪ್ಪ, ನೀಲಿ ಗೆರೆಯ ಹಸಿರು ಹುಳು, ಕಾಲೇ ಇಲ್ಲದಂತೆ ಜಾರಿಕೊಂಡು ಹೋಗುತ್ತದೆ, ಮೈಮೇಲೆ ಚಿಕ್ಕ ಚಿಕ್ಕ ಮುಳ್ಳಿನ ಗೊಂಚಲು. ಇದು ಪತಂಗ, ಮುಟ್ಟಿದರೆ ಬೆಂಕಿ ತಾಗಿದಷ್ಟು ಉರಿಯುತ್ತದೆ. ಗೊತ್ತಿಲ್ಲದ ಯಾವ ಹುಳುವನ್ನೂ ಬರಿಗೈಯಲ್ಲಿ ಮುಟ್ಟಬೇಡಿ ಅನ್ನುವುದು ಇದಕ್ಕೇ.

ಅಕಸ್ಮಾತ್ ಕೂದಲು ತಾಗಿದರೆ ಉಜ್ಜಬೇಡಿ. ಸೆಲ್ಲೋಟೇಪ್ ಅಂಟಿಸಿ ಕಿತ್ತರೆ ಕೂದಲು ಅದರ ಜೊತೆ ಬರುತ್ತದೆ. ಆಮೇಲೆ ಸೋಪಿನಿಂದ ತೊಳೆಯಿರಿ. ಕಣ್ಣಿಗೆ ಬಿದ್ದರೆ ಮಾತ್ರ ಮನೆಮದ್ದು ಬೇಡ, ಸೀದಾ ಡಾಕ್ಟರ ಹತ್ತಿರ ಹೋಗಿ.

ಬಾಲದ ಕಡೆ ಒಂದೇ ಒಂದು ಕೊಂಬು ನಿಂತಿದ್ದರೆ ಹೆಚ್ಚಾಗಿ ಹಾಕ್ ಪತಂಗ. ಎಳ್ಳಿನ ಹೊಲದಲ್ಲಿ, ಗೆಣಸಿನ ಬಳ್ಳಿಯಲ್ಲಿ ಸಿಗುವ ದಪ್ಪ ಹುಳುಗಳು ಈ ಜಾತಿ. ರೇಷ್ಮೆ ಹುಳುವಿನ ಬಾಲದಲ್ಲೂ ಪುಟ್ಟ ಕೊಂಬಿದೆ, ಅದೂ ಪತಂಗವೇ. ಆದರೆ ಕೊಂಬು ತಲೆಯ ಮೇಲಿದ್ದರೆ ಲೆಕ್ಕ ತಿರುಗುಮುರುಗು. ಹರಿಹರದ ಕಡೆ ಭದ್ರಾ ನೀರಿನ ಗದ್ದೆಗಳಲ್ಲಿ ಭತ್ತದ ಎಲೆಯ ಮೇಲೆ, ತಲೆಯಲ್ಲಿ ಎರಡು ಕೋಡು, ಹಿಂದೆ ಕವಲಾದ ಬಾಲ ಇರುವ ತೆಳು ಹಸಿರು ಹುಳು ಸಿಕ್ಕರೆ ಅದು ಈವ್ನಿಂಗ್ ಬ್ರೌನ್ ಚಿಟ್ಟೆ. ಸಂಜೆ ಹೊತ್ತು ಹಾರುವ ಆ ಕಂದು ಚಿಟ್ಟೆಯನ್ನು ನೋಡಿದವರು ಪತಂಗ ಅಂತಲೇ ತಿಳಿಯುತ್ತಾರೆ.

ಇನ್ನು ಕೂದಲೂ ಇಲ್ಲ, ಮುಳ್ಳೂ ಇಲ್ಲ, ಕೊಂಬೂ ಇಲ್ಲ, ಸುಮ್ನೆ ಹಸಿರು. ಇದೇ ಎಲ್ಲಕ್ಕಿಂತ ಕಷ್ಟ, ಮೈ ನೋಡಿ ಹೇಳುವ ಸಾಹಸ ಬೇಡ, ಸಾಕಿ ನೋಡುವುದೇ ದಾರಿ.

ಹೆಜ್ಜೆ 4: ಎಲ್ಲಿ ಅಡಗಿದೆ ನೋಡಿ

ಕಾಂಡದೊಳಗೆ, ಬೇರಿನ ಹತ್ತಿರ ಮಣ್ಣಲ್ಲಿ, ಎಲೆಯ ಎರಡು ಪದರದ ನಡುವೆ ಸುರಂಗ ಕೊರೆದು, ಬಲೆ ಕಟ್ಟಿಕೊಂಡು ಗುಂಪಾಗಿ ಬದುಕುವ ಹುಳುಗಳು ಹೆಚ್ಚುಕಡಿಮೆ ಎಲ್ಲವೂ ಪತಂಗ. ಭತ್ತದ ಕಾಂಡ ಕೊರೆಯುವುದು ಪತಂಗ. ತೆಂಗಿನ ಗರಿಯ ಅಡಿಯಲ್ಲಿ ಹಿಕ್ಕೆಯ ಸುರಂಗ ಕಟ್ಟಿಕೊಳ್ಳುವ ಕಪ್ಪು ತಲೆ ಹುಳು ಪತಂಗ. ಜಾಲಿ ಮರಕ್ಕೆ ಕಡ್ಡಿ ಕಟ್ಟಿನಂತೆ ನೇತಾಡುವ ಚೀಲಗಳ ಒಳಗಿರುವುದೂ ಪತಂಗ. ಮನೆಯ ಗೋಡೆ ಮೇಲೆ ಬೂದು ಬಣ್ಣದ ಚಪ್ಪಟೆ ಕವಚ ಎಳೆದುಕೊಂಡು ಹೋಗುವ ಹುಳು, ಅಕ್ಕಿ ಡಬ್ಬಿಯಲ್ಲಿ ನೂಲು ಕಟ್ಟುವ ಹುಳು, ಎಲ್ಲ ಅದೇ ಕಡೆ.

ಮೆಕ್ಕೆಜೋಳ ಬೆಳೆಯುವವರಿಗೆ ಲದ್ದಿ ಹುಳು ಅಥವಾ ಫಾಲ್ ಸೈನಿಕ ಹುಳುವಿನ ಪರಿಚಯ ಮಾಡಿಸಬೇಕಿಲ್ಲ. 2018ರಲ್ಲಿ ಭಾರತದಲ್ಲಿ ಇದು ಮೊದಲು ಕಂಡದ್ದೇ ನಮ್ಮ ಕರ್ನಾಟಕದಲ್ಲಿ. ತಲೆಯ ಮುಂಭಾಗದಲ್ಲಿ ತಲೆಕೆಳಗಾದ ಇಂಗ್ಲಿಷ್ ವೈ ಅಕ್ಷರದ ಬಿಳಿ ಗೆರೆ, ಬಾಲದ ಹತ್ತಿರ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆ. ಇದೂ ಪತಂಗ.

ಹಾಗಾದರೆ ಕೆಟ್ಟದ್ದೆಲ್ಲ ಪತಂಗ, ಒಳ್ಳೆಯದೆಲ್ಲ ಚಿಟ್ಟೆಯಾ? ಖಂಡಿತ ಅಲ್ಲ. ಹೊಸದುರ್ಗ, ಹಿರಿಯೂರು ಕಡೆ ದಾಳಿಂಬೆ ಬೆಳೆಯುವವರನ್ನು ಕೇಳಿ. ಹಣ್ಣಿನೊಳಗೆ ಹೊಕ್ಕು ಕಾಳು ತಿಂದು, ತೂತಿನ ಬಾಯಲ್ಲಿ ಹಿಕ್ಕೆ ಒಸರಿ ನಾರುವಂತೆ ಮಾಡುವ ಹುಳು ಪತಂಗವಲ್ಲ, ಚಿಟ್ಟೆ! ಗಂಡು ಹೊಳೆಯುವ ನೇರಳೆ ನೀಲಿ, ಹೆಣ್ಣು ಕಂದು, ರೆಕ್ಕೆಯಲ್ಲಿ ಕಿತ್ತಳೆ ಮಚ್ಚೆ. ಹೂವು, ಎಳೆಕಾಯಿಯ ಮೇಲೆ ಒಂದೊಂದೇ ಮೊಟ್ಟೆ ಇಡುತ್ತದೆ. ಕಾಯಿಗೆ ಚೀಲ ಕಟ್ಟುವುದು ಈ ಚಿಟ್ಟೆ ಮೊಟ್ಟೆ ಇಡದಿರಲಿ ಅಂತ. ತೊಗರಿ, ಅವರೆ ಕಾಯಿಯೊಳಗೂ ಹಾಗೆಯೇ: ದೊಡ್ಡದಾಗಿ ಕೊರೆದು ಅರ್ಧ ಮೈ ಹೊರಗಿಟ್ಟು ತಿನ್ನುವುದು ಕಾಯಿಕೊರಕ ಪತಂಗ, ಗುಜ್ಜಾಗಿ ಚಪ್ಪಟೆಯಾಗಿ ಒಳಗೆ ಕೂತದ್ದು ನೀಲಿ ಚಿಟ್ಟೆ ಇರಬಹುದು. ಇನ್ನೊಂದು ಕಡೆ, ಏಪ್‌ಫ್ಲೈ ಅನ್ನುವ ಪುಟ್ಟ ಚಿಟ್ಟೆಯ ಹುಳು ಎಲೆಯನ್ನೇ ತಿನ್ನುವುದಿಲ್ಲ, ಗಿಡಕ್ಕೆ ಹತ್ತಿದ ಹಿಟ್ಟು ತಿಗಣೆಯನ್ನು ತಿನ್ನುತ್ತದೆ. ಅಂಥದ್ದಕ್ಕೂ ಔಷಧಿ ಹೊಡೆದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ.

ಹೆಜ್ಜೆ 5: ಸಾಕಿ ನೋಡಿ

ಖಚಿತವಾಗಿ ಗೊತ್ತಾಗುವುದು ಸಾಕಿದಾಗಲೇ. ಖರ್ಚೇನೂ ಇಲ್ಲ.

ಅಗಲ ಬಾಯಿಯ ಡಬ್ಬಿ ಅಥವಾ ರಟ್ಟಿನ ಪೆಟ್ಟಿಗೆ ತೆಗೆದುಕೊಳ್ಳಿ. ಬಾಯಿಗೆ ತೆಳು ಬಟ್ಟೆ ಅಥವಾ ಸೊಳ್ಳೆ ಪರದೆ ತುಂಡು ಕಟ್ಟಿ. ಪ್ಲಾಸ್ಟಿಕ್ ಮುಚ್ಚಳ ಬಿಗಿಯಾಗಿ ಹಾಕಿದರೆ ಒಳಗೆ ಬೆವರು ಕಟ್ಟಿ ಹುಳು ಕೊಳೆತು ಸಾಯುತ್ತದೆ. ತಳಕ್ಕೆ ಹಳೆ ಪೇಪರ್ ಹಾಸಿ, ದಿನಾ ಬೆಳಿಗ್ಗೆ ಹಿಕ್ಕೆ ಸಮೇತ ಬದಲಾಯಿಸಿ.

ಯಾವ ಗಿಡದಲ್ಲಿ ಸಿಕ್ಕಿತೋ ಅದೇ ಗಿಡದ ಎಲೆ ಕೊಡಿ. ಎಕ್ಕದ ಹುಳುವಿಗೆ ಎಲೆಕೋಸು ಹಾಕಿದರೆ ಹಸಿದೇ ಸಾಯುತ್ತದೆ. ಅಂಗಡಿಯ ಕರಿಬೇವು ಬೇಡವೇ ಬೇಡ, ಔಷಧಿ ಹೊಡೆದದ್ದು ಇದ್ದರೆ ಒಂದೇ ದಿನಕ್ಕೆ ಹುಳು ಹೋಯಿತು. ಸಣ್ಣ ಬಾಟಲಿಗೆ ನೀರು ಹಾಕಿ ಕೊಂಬೆ ಇಟ್ಟರೆ ಎಲೆ ಬಾಡುವುದಿಲ್ಲ, ಆದರೆ ಬಾಟಲಿಯ ಬಾಯಿಗೆ ಹತ್ತಿ ತುರುಕಿ, ಇಲ್ಲದಿದ್ದರೆ ಹುಳು ಇಳಿದು ನೀರಲ್ಲಿ ಮುಳುಗುತ್ತದೆ. ಕುಡಿಯಲು ಬೇರೆ ನೀರು ಬೇಡ, ಎಲೆಯಲ್ಲಿರುವುದೇ ಸಾಕು. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಅಪಾಯ, ಕಣಗಿಲೆಯಂತೂ ಇಡೀ ಗಿಡವೇ ವಿಷ, ಹಾಗಾಗಿ ಎಲೆ ಕೀಳುವ ಕೆಲಸ ದೊಡ್ಡವರೇ ಮಾಡಿ, ಕೈ ತೊಳೆದುಕೊಳ್ಳಿ.

ನಡುವೆ ಒಂದು ದಿನ ಹುಳು ತಿನ್ನದೆ, ಅಲುಗಾಡದೆ ಕೂತುಬಿಡುತ್ತದೆ. ಸತ್ತಿದೆ ಅಂತ ಎಸೆಯಬೇಡಿ. ರೇಷ್ಮೆ ಸಾಕುವವರು ಇದನ್ನು ಜ್ವರ ಅನ್ನುತ್ತಾರೆ, ಪೊರೆ ಬಿಡುವ ಹೊತ್ತು. ಆಗ ಮುಟ್ಟಿದರೆ, ಎಲೆಯಿಂದ ಕಿತ್ತರೆ ಪೊರೆ ಸರಿಯಾಗಿ ಕಳಚದೆ ಹುಳು ಸಾಯಬಹುದು.

ಚಿಟ್ಟೆ ಅನ್ನಿಸಿದರೆ ಡಬ್ಬಿಯೊಳಗೆ ಎರಡು ಒಣ ಕಡ್ಡಿ ಓರೆಯಾಗಿ ನಿಲ್ಲಿಸಿ. ಪತಂಗ ಅನ್ನಿಸಿದರೆ ತಳದಲ್ಲಿ ನಾಲ್ಕು ಬೆರಳಷ್ಟು ಸಡಿಲ ಮಣ್ಣು, ಅದರ ಮೇಲೆ ಒಣ ಎಲೆ. ಗೊತ್ತಿಲ್ಲವಾ? ಎರಡೂ ಇಡಿ.

ಹೆಜ್ಜೆ 6: ಕೋಶ ನೋಡಿ ತೀರ್ಮಾನಿಸಿ

ಊಟ ಬಿಟ್ಟು ಡಬ್ಬಿಯೆಲ್ಲ ಅಲೆಯಲು ಶುರು ಮಾಡಿತು ಅಂದರೆ ಕೋಶವಾಗುವ ಹೊತ್ತು ಬಂತು. ಹಸಿರಾಗಿದ್ದ ಕಣಗಿಲೆ ಹುಳು ಈ ಹೊತ್ತಿಗೆ ಕಂದಾಗುತ್ತದೆ.

ಚಿಟ್ಟೆಯ ಕೋಶಕ್ಕೆ ಸಾಮಾನ್ಯವಾಗಿ ಗೂಡಿಲ್ಲ, ಬೆತ್ತಲೆ. ಎಕ್ಕದ ಹುಳು ಬಾಲದ ತುದಿಯಿಂದ ತಲೆಕೆಳಗಾಗಿ ನೇತಾಡುತ್ತದೆ, ಅದರ ಕೋಶದ ಮೇಲೆ ಚಿನ್ನದ ಚುಕ್ಕೆ. ಕಣಗಿಲೆಯ ಕ್ರೋ ಚಿಟ್ಟೆಯ ಕೋಶವಂತೂ ಪೂರ್ತಿ ಹೊಳೆಯುವ ಬಂಗಾರ, ನೋಡಿಯೇ ನಂಬಬೇಕು. ನಿಂಬೆ, ಕರಿಬೇವಿನ ಹುಳು ನೇತಾಡುವುದಿಲ್ಲ, ಸೊಂಟಕ್ಕೆ ಒಂದು ರೇಷ್ಮೆ ಎಳೆ ಸುತ್ತಿಕೊಂಡು ಕಡ್ಡಿಗೆ ಒರಗುತ್ತದೆ. ಹಸಿರು ಕಾಂಡದ ಮೇಲಾದರೆ ಕೋಶ ಹೆಚ್ಚಾಗಿ ಹಸಿರು, ಒಣ ಕಡ್ಡಿಯ ಮೇಲಾದರೆ ಕಂದು.

ಪತಂಗ ರೇಷ್ಮೆ ಗೂಡು ಕಟ್ಟುತ್ತದೆ, ಅಥವಾ ತನ್ನ ಕೂದಲನ್ನೇ ಸೇರಿಸಿ ಕಟ್ಟುತ್ತದೆ, ಅಥವಾ ಮಣ್ಣಿಗೆ, ತರಗೆಲೆಗೆ ಇಳಿಯುತ್ತದೆ. ಮಣ್ಣು ಕೆದಕಿ ನೋಡಬೇಡಿ. ಆಗಾಗ ನಾಲ್ಕು ಹನಿ ನೀರು ಚಿಮುಕಿಸಿದರೆ ಸಾಕು. ಒಂದು ಅಪವಾದ ಹೇಳಲೇಬೇಕು: ಎಲೆ ಮಡಚಿ ಬದುಕುವ, ತಲೆ ದಪ್ಪ ಕುತ್ತಿಗೆ ಸಣ್ಣ ಇರುವ ಸ್ಕಿಪ್ಪರ್ ಹುಳುಗಳು ಎಲೆಯ ಸುರುಳಿಯೊಳಗೇ ಕೋಶವಾಗುತ್ತವೆ, ಆದರೆ ಅವು ಚಿಟ್ಟೆ.

ಹೆಜ್ಜೆ 7: ಹೊರಬಂದದ್ದು ಏನು?

ಎಕ್ಕ, ನಿಂಬೆಯ ಚಿಟ್ಟೆಗಳು ಬೆಚ್ಚಗಿನ ಕಾಲದಲ್ಲಿ ಒಂದೆರಡು ವಾರದಲ್ಲಿ ಬರುತ್ತವೆ. ಪತಂಗಗಳಲ್ಲಿ ಕೆಲವು ಬೇಗ, ಕೆಲವಕ್ಕೆ ತಿಂಗಳುಗಟ್ಟಲೆ ಬೇಕು. ಹೊರಬಂದಾಗ ಕೆಂಪು ಅಥವಾ ಕಂದು ನೀರು ಬೀಳುತ್ತದೆ, ರಕ್ತವಲ್ಲ, ಹೆದರಬೇಡಿ. ರೆಕ್ಕೆ ಒದ್ದೆಯಾಗಿ ಮುದುರಿರುತ್ತದೆ, ನೇತಾಡಿ ಒಣಗಿಸಿಕೊಳ್ಳಲು ಬಿಡಿ. ಆಗ ಕೈ ಹಾಕಿದರೆ ರೆಕ್ಕೆ ಶಾಶ್ವತವಾಗಿ ಸೊಟ್ಟ.

ಮೀಸೆ ನೋಡಿ. ತುದಿಯಲ್ಲಿ ಗುಂಡು ಇದ್ದರೆ ಚಿಟ್ಟೆ, ಸ್ಕಿಪ್ಪರ್‌ಗಳಲ್ಲಿ ಆ ಗುಂಡಿನ ತುದಿ ಕೊಕ್ಕೆಯಂತೆ ಬಾಗಿರುತ್ತದೆ. ಬರೀ ಕೊಕ್ಕೆ ನೋಡಿ ಚಿಟ್ಟೆ ಅನ್ನಬೇಡಿ, ಹಾಕ್ ಪತಂಗದ ಮೀಸೆಯ ತುದಿಯೂ ಬಾಗಿರುತ್ತದೆ. ಗರಿಯಂತೆ ಅಥವಾ ಬರೀ ದಾರದಂತೆ ಇದ್ದರೆ ಪತಂಗ. ರೆಕ್ಕೆಯ ಬಣ್ಣ, ಹಾರುವ ಹೊತ್ತು ನಂಬಬೇಡಿ. ಹಗಲು ಹಾರುವ ಬಣ್ಣದ ಪತಂಗಗಳೂ ಇವೆ.

ಕೆಲವೊಮ್ಮೆ ಎರಡೂ ಬರುವುದಿಲ್ಲ. ಹುಳುವಿನ ಮೈಮೇಲೆ ಅಕ್ಕಿ ಕಾಳಿನಂಥ ಬಿಳಿ ಗೂಡುಗಳು ಕಂಡರೆ ಅವು ಪುಟ್ಟ ಕಣಜದ್ದು. ಕೋಶದಿಂದ ನೊಣ ಬಂದರೆ ಅದು ಹುಳುವಿನ ಮೈಯೊಳಗೆ ಬೆಳೆದದ್ದು. ಬೇಸರವಾಗುತ್ತದೆ, ನಿಜ, ಮಕ್ಕಳಿಗಂತೂ ಅಳುವೇ ಬರುತ್ತದೆ. ಆದರೆ ಹೊಲದಲ್ಲಿ ಕೀಡೆಗಳನ್ನು ಹಿಡಿತದಲ್ಲಿಡುವುದು ಇವೇ, ಹಾಗಾಗಿ ಕೊಲ್ಲದೆ ಹೊರಗೆ ಬಿಡಿ.

ಚಿಟ್ಟೆಯನ್ನು ಬಿಸಿಲು ಬಂದ ಮೇಲೆ ಹೂವಿನ ಗಿಡದ ಹತ್ತಿರ ಬಿಡಿ, ಪತಂಗವನ್ನು ಕತ್ತಲಾಗುವ ಹೊತ್ತಿಗೆ. ಲದ್ದಿ ಹುಳು, ಕಾಯಿಕೊರಕ, ಕೆಂಪು ಕಂಬಳಿಹುಳುವಿನ ಪತಂಗಗಳನ್ನು ಮಾತ್ರ ಬಿಡಬೇಡಿ, ಪಕ್ಕದ ಹೊಲದವರಿಗೆ ಕಷ್ಟ. ಬೆಳೆಯ ಹುಳು ಯಾವುದು ಅಂತ ಅನುಮಾನ ಇದ್ದರೆ ದಾವಣಗೆರೆಯವರು ತರಳಬಾಳು ಕೃಷಿ ವಿಜ್ಞಾನ ಕೇಂದ್ರಕ್ಕೆ, ಹಿರಿಯೂರು ಕಡೆಯವರು ಬಬ್ಬೂರು ಫಾರ್ಮಿನ ಕೃಷಿ ವಿಜ್ಞಾನ ಕೇಂದ್ರಕ್ಕೆ ಹುಳುವನ್ನು ಎಲೆ ಸಮೇತ ಒಯ್ದು ತೋರಿಸಿ. ಬೇರೆ ಹುಳುಗಳಾದರೆ ಜೀವಿಗಳನ್ನು ಗುರುತಿಸಲು ನೆರವಾಗುವ ಐನ್ಯಾಚುರಲಿಸ್ಟ್ ಅಥವಾ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಅನ್ನುವ ಜಾಲತಾಣಗಳಲ್ಲಿ ಫೋಟೋ ಹಾಕಿ. ಹುಳುವಿನದು ಮೇಲಿನಿಂದ ಒಂದು, ಪಕ್ಕದಿಂದ ಕಾಲು ಕಾಣುವ ಹಾಗೆ ಒಂದು, ತಲೆಯದು ಒಂದು, ಅದು ತಿನ್ನುತ್ತಿದ್ದ ಗಿಡದ ಎಲೆ, ಹೂವಿನದು ಒಂದು. ಕೊನೆಯ ಫೋಟೋ ಇಲ್ಲದೆ ಹಾಕಿದರೆ ಗೊತ್ತಿರುವವರೂ ಮೊದಲು ಕೇಳುವುದು ಗಿಡ ಯಾವುದು ಅಂತಲೇ.